ಉಂಡದ್ದನ್ನು ಹೇಳುವ ಸರ್

ನಮ್ಮ ಮಾನವಶಾಸ್ತ್ರದ ಸರ್ ತಾವು ಯಾರ ಮನೆಯಲ್ಲಿ ಉಂಡರೆಂದು ಹೇಳದೆ ಪಾಠ ಮುಗಿಸಿದ ದಿನವಿಲ್ಲ. ಗುಂಜಹಳ್ಳಿಯ ಕುರುಬರ ಮನೆಯ ಅಂಬಲಿ, ಚೀಕಲಪರ್ವಿಯ ಅಂಬಿಗರ ಮನೆಯ ಮೀನುಸಾರು, ಎಲ್ಲವೂ ಬಾಯಿ ಚಪ್ಪರಿಸುತ್ತಲೇ ಬರುತ್ತಿದ್ದವು. ಫ್ಯಾನೂ ಬಿಸಿಗಾಳಿ ಬಿಡುವ ರಾಯಚೂರಿನ ಮಧ್ಯಾಹ್ನಗಳಲ್ಲಿ ತೂಕಡಿಸುತ್ತಿದ್ದವರು ಅವರ ಮಾತು ಊಟಕ್ಕೆ ಬಂದರೆ ನೆಟ್ಟಗೆ ಕೂರುತ್ತಿದ್ದರು. ಮಂದಿಯನ್ನು ತಿಳಿಯಬೇಕೆಂದರೆ ಅವರ ಜೊತೆ ನೆಲದ ಮೇಲೆ ಕೂತು ಉಣ್ಣಬೇಕು ಎನ್ನುತ್ತಿದ್ದರು ಸರ್. ಬರೀ ಮಾತಲ್ಲ, ಉಂಡೇ ತೋರಿಸುವವರು.

ಮೊದಲ ವರ್ಷ ಬಂಧುತ್ವದ ನಕ್ಷೆ ಬರೆಸಲು ಕ್ಲಾಸನ್ನು ನಮ್ಮೂರು ದೇವದುರ್ಗಕ್ಕೆ ಕರೆದೊಯ್ದಾಗ ಸರ್ ಒಬ್ಬರೇ ನಮ್ಮ ಮನೆಗೂ ಬಂದರು. ಅವ್ವ ಆ ದಿನದ ಕೂಲಿ ಬಿಟ್ಟು ರೊಟ್ಟಿ ಬಡಿದಳು. ಪಕ್ಕದ ಮನೆಯಿಂದ ತಂದ ಕುರ್ಚಿ ಬೇಡವೆಂದು ಸರ್ ಬುದ್ಧನ ಫೋಟೋದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತರು, ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡರು. ಅವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನಗೆ ಹಾಸ್ಟೆಲ್ ಸೀಟು ಕೊಡಿಸಲು ಬಿಸಿಲಲ್ಲಿ ಆಫೀಸು ಅಲೆದವರೂ ಇವರೇ. ಇಲ್ಲವೆಂದರೆ ನನ್ನ ಬಾಯಲ್ಲಿ ಹುಳ ಬೀಳಲಿ.

ಮರುದಿನ ಕ್ಲಾಸಿನಲ್ಲಿ ನನ್ನ ಕಡೆ ಕೈ ಮಾಡಿ, “ಇಕಿ ಮನ್ಯಾಗ ಉಂಡೀನಿ. ಬೆರಳು ನೆಕ್ಕಿ ಉಂಡೀನಿ” ಎಂದರು. ಚಪ್ಪಾಳೆ ಬಿತ್ತು. ನಾನೂ ಬೀಗಿದೆ. ನಾಲ್ಕನೆಯ ಸಲ ಹೇಳುವಷ್ಟರಲ್ಲಿ ತಲೆ ತಗ್ಗಿಸುವುದನ್ನು ಕಲಿತಿದ್ದೆ. ನಮ್ಮ ಕೇರಿ ಯಾವುದೆಂದು ಎಂದೂ ಕೇಳದಿದ್ದವರಿಗೂ ಗೊತ್ತಾಗಿತ್ತು. ಕುರುಬರ ಅಂಬಲಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಕೊಡುಕೊಳ್ಳುವಿಕೆಯ ಪಾಠವನ್ನು ಮಾತ್ರ ಅವರ ಹಾಗೆ ಹೇಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಬೋರ್ಡಿನ ಮೇಲೆ ಎರಡು ಮನೆ ಬರೆದು, ಹೋಗುವುದಕ್ಕೊಂದು ಬರುವುದಕ್ಕೊಂದು ಬಾಣ ಎಳೆದರು. “ಉಂಡ ಮನಿಯವರನ್ನ ಕರದು ಉಣಿಸಿದ್ರ ಅದು ಸಂಬಂಧ. ಇಲ್ಲಂದ್ರ ಬರೇ ಊಟ.”

ಅವ್ವ ಕಣ್ಣು ತೋರಿಸಲು ರಾಯಚೂರಿನ ದವಾಖಾನೆಗೆ ಬಂದ ದಿನ ಸರ್‌ಗೆಂದು ಶೇಂಗಾ ಉಂಡಿ ಕಟ್ಟಿ ತಂದಿದ್ದಳು. ಇಬ್ಬರೂ ಅವರ ಮನೆಗೆ ಹೋದೆವು. ಸರ್ ಗೇಟಿಗೇ ಬಂದರು. ಅಲ್ಲೇ ನಿಂತು ಒಂದು ಉಂಡಿ ತಿಂದು ಹೊಗಳಿದರು. ಅಷ್ಟರಲ್ಲಿ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದರು. ನನ್ನನ್ನು ಕಂಡು ಚಪ್ಪಲಿ ಹುಡುಕತೊಡಗಿದರು. ಅವ್ವ ನೀರು ಕೇಳಿದಳು. ಸರ್ ಓಣಿಯ ಮೂಲೆಯ ಅಂಗಡಿಗೆ ತಾವೇ ಹೋಗಿ ಸೀಲ್ ಬಾಟಲಿ ತಂದುಕೊಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಒಳಗ ನಮ್ಮವ್ವ ಅದಾಳ, ಹಳೇ ಮಂದಿ. ನೀ ಓದಿದಾಕಿ, ನಿನಗ ತಿಳೀತದ” ಎಂದರು.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ನಾನು ಆ ಮುದುಕಿಯನ್ನು ಬಾಯಿಗೆ ಬಂದಂತೆ ಬೈದೆ. ಅವ್ವ ಬಾಟಲಿಯ ಮುಚ್ಚಳ ತಿರುಗಿಸುತ್ತ, “ಆಕಿನ್ನ ಯಾಕ ಬೈತಿ? ಆಕಿ ನಮ್ಮನ್ನ ನೋಡೇ ಇಲ್ಲ” ಎಂದಳು.

ಮುಂದಿನ ವಾರ ಇಂಟರ್ನಲ್ ಟೆಸ್ಟು. ಕೊಡುಕೊಳ್ಳುವಿಕೆಗೆ ನೀವು ಕಂಡ ಉದಾಹರಣೆಯೊಂದನ್ನು ಬರೆಯಿರಿ ಎಂದಿತ್ತು. ಸರ್ ಹೆಸರು, ಅವ್ವನ ಹೆಸರು, ನನ್ನ ಹೆಸರು ಹಾಕಿ ರೊಟ್ಟಿಯಿಂದ ಬಾಟಲಿಯವರೆಗೆ ಬರೆದೆ. ನಾಚಲಿ ಎಂದೇ ಬರೆದೆ. ಬೈಯಲಿ, ಫೇಲ್ ಮಾಡಲಿ, ಇಲ್ಲವೇ ಒಂದು ದಿನ ಅವ್ವನನ್ನು ಒಳಗೆ ಕರೆಯಲಿ. ಮೂರರಲ್ಲಿ ಒಂದಾದರೆ ಸಾಕಿತ್ತು ನನಗೆ.

ಸ್ಟಾಫ್‌ರೂಮಿಗೆ ಕರೆಸಿದರು. ಉತ್ತರ ಪುಸ್ತಿಕೆ ಕೈಗಿಟ್ಟು, “ಚೊಲೋ ಬರದಿ. ಇಂಥ ಉದಾಹರಣಿ ಪುಸ್ತಕದಾಗ ಸಿಗಂಗಿಲ್ಲ. ಮುಂದಿನ ಬ್ಯಾಚಿಗೆ ಓದಿ ಹೇಳ್ತೀನಿ” ಎಂದು ನಕ್ಕರು. ಅದೇ ಕೊನೆಯ ಮಾತು. ಆ ಬೇಸಿಗೆಯಲ್ಲಿ ಮಾನ್ವಿಗೆ ವರ್ಗವಾಗಿ ಹೋದರು, ಮತ್ತೆ ಕಂಡಿಲ್ಲ. ಅವರ ಪಾಠವನ್ನು ನಾನು ಮರೆತಿಲ್ಲ, ಅವರನ್ನು ಕ್ಷಮಿಸಿಯೂ ಇಲ್ಲ.

ಅವತ್ತು ಸ್ಟಾಫ್‌ರೂಮಿನಿಂದ ಹೊರಬಂದು ಮೆಟ್ಟಿಲ ಮೇಲೆ ಕೂತು ಪುಸ್ತಿಕೆ ಬಿಡಿಸಿ ನೋಡಿದೆ. ಹತ್ತಕ್ಕೆ ಹತ್ತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ‘ಅಧ್ಯಯನಕ್ಕೆ ಒಳಗಾದವರ ಹೆಸರು ಬರೆಯಬಾರದು’ ಎಂದು ಬರೆದಿದ್ದರು. ತಮ್ಮ ಹೆಸರಿದ್ದ ಕಡೆಯಲ್ಲೆಲ್ಲ ಒಂದಕ್ಷರವೂ ಕಾಣದಂತೆ ಗೀಚಿದ್ದರು. ಅವ್ವನ ಹೆಸರನ್ನೂ ನನ್ನ ಹೆಸರನ್ನೂ ಇದ್ದ ಹಾಗೇ ಬಿಟ್ಟಿದ್ದರು.