ಗಾರೆಯವನ ಹೆಂಡತಿಯ ಕಿಟಕಿ

ಕಿಟಕಿಯ ವಿಷಯ ತಂಗಿಗೆ ಹೇಳುವುದು ಹೇಗೆ? ಒಂದು ವಾರದಿಂದ ಗಾರೆಯವನ ಹೆಂಡತಿಯ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು. ಮಗುವಿಗೆ ಹಾಲೂಡಿಸುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಭಾನುವಾರ ತಂಗಿ ಊರಿಂದ ಈ ಪಟ್ಟಣಕ್ಕೆ ಬಂದಿಳಿಯುತ್ತಾಳೆ, ಎಂಟು ತಿಂಗಳ ಹೊಟ್ಟೆ ಹೊತ್ತು, ಹೆರಿಗೆಗೆ.

ತಪ್ಪು ಇವಳದೇ. ಮಗುವಿಗೆ ಮೂರು ತಿಂಗಳಾದಾಗ ಒಂದು ಫೋಟೊ ಕಳಿಸಿದ್ದಳು. ಮೂರನೇ ಮಹಡಿಯ ಒಂಟಿ ಕೋಣೆ, ತೆರೆದ ಕಿಟಕಿ, ಎಳೆಬಿಸಿಲಲ್ಲಿ ಕಾಲು ಬಡಿಯುತ್ತಿರುವ ಕೂಸು. ತಂಗಿ ಅದನ್ನು ಊರಿಗೆಲ್ಲ ತೋರಿಸಿಕೊಂಡು ಬಂದು, "ನನ್ನ ಕೂಸೂ ಅದೇ ಬಿಸಿಲಲ್ಲಿ ಮಲಗ್ಬೇಕಕ್ಕ," ಎಂದಿದ್ದಳು.

ಈಗ ಆ ಕಿಟಕಿ ನಾಲ್ಕು ಬೆರಳು ತೆರೆದರೆ ಗೋಡೆಗೆ ಬಡಿಯುತ್ತದೆ. ಊರುಗಳಿಂದ ಬರುವವರಿಗೆ ಬಾಡಿಗೆ ಕೋಣೆ ಸಾಲದೆಂದು ಪಕ್ಕದ ಮನೆಯವರು ಮಹಡಿಯ ಮೇಲೆ ಮಹಡಿ ಏರಿಸಿದರು. ಆ ಗೋಡೆ ಕಟ್ಟಿದ ಗಾರೆ ಕೆಲಸದವನು ಬೇರಾರೂ ಅಲ್ಲ, ಇವಳ ಗಂಡ.

"ಕೈಯಾರೆ ನಮ್ಮ ಕಿಟಕಿ ಮುಚ್ಚಿದ್ರಲ್ಲ, ಮನಸ್ಸಾದ್ರೂ ಹೇಗೆ ಬಂತು?"

"ನಾನು ಕಟ್ಟದಿದ್ರೆ ಇನ್ನೊಬ್ಬ ಕಟ್ತಿದ್ದ. ಪಕ್ಕದಲ್ಲೇ ಕೆಲಸ, ಮಧ್ಯಾಹ್ನ ಬಿಸಿ ಊಟಕ್ಕೆ ಬರ್ತೀರಿ ಅಂತ ಕುಣಿದವಳು ಯಾರು?"

ಕುಣಿದವಳು ಇವಳೇ. ಕೊನೆಯ ಸಾಲಿನ ಇಟ್ಟಿಗೆ ಏರುವವರೆಗೂ ಅವನಿಗೆ ನೀರಿನ ಚೊಂಬನ್ನು ಆ ಕಿಟಕಿಯಿಂದಲೇ ದಾಟಿಸಿದ್ದಳಲ್ಲ!

ಈಗ ಹಗಲಲ್ಲೇ ಬಲ್ಬು. ಒಣಗದ ಬಟ್ಟೆಯ ಮುಗ್ಗಲು ವಾಸನೆ. ಮಗುವಿನ ಎದೆ ಗೊರಗೊರ. "ಗಾಳಿ ಬೆಳಕು ಇರೋ ಕಡೆ ಮಲಗಿಸಿ," ಎಂದ ಡಾಕ್ಟರಮ್ಮನಿಗೆ, ಎಲ್ಲಿ ಎಂದು ಕೇಳುವ ಧೈರ್ಯ ಇವಳಿಗಾಗಲಿಲ್ಲ. ಗಡಿಯಾರ ನೋಡುತ್ತ ಮಗುವಿನ ಉಸಿರು ಎಣಿಸುತ್ತಾಳೆ. ಲೆಕ್ಕ ತಪ್ಪಿದರೆ ಮತ್ತೆ ಮೊದಲಿಂದ. ಈ ಕೋಣೆಗೆ ಇನ್ನೆರಡು ಜೀವ ಸೇರಿದರೆ?

ಬರಬೇಡ ಅನ್ನೋಣವೆಂದರೆ ನಾಲಿಗೆ ಏಳದು. ಊರಿನ ಶಾಲೆ ಐದನೇ ತರಗತಿಗೇ ಮುಗಿದಾಗ, ಇಲ್ಲಿ ಸೋದರತ್ತೆಯ ಮನೆಯಲ್ಲಿ ಇದ್ದದ್ದು ಒಬ್ಬರಿಗಷ್ಟೇ ಜಾಗ. ದೊಡ್ಡವಳೆಂದು ಇವಳನ್ನು ಕಳಿಸಿದರು. "ನನ್ನ ಸರದಿ ಇನ್ನೂ ಬಂದಿಲ್ಲ ನೋಡು," ಎಂದು ತಂಗಿ ಇಂದಿಗೂ ಚುಚ್ಚುತ್ತಾಳೆ.

ಶುಕ್ರವಾರ ಬೆಳಿಗ್ಗೆ, ಮಗು ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿದ ಮೇಲೆ, ಅವಳು ಫೋನು ಕೈಗೆತ್ತಿಕೊಂಡಳು.

"ಬಟ್ಟೆ ಕಟ್ಕೊಂಡ್ಯಾ?"

"ಎರಡು ಸಲ ಕಟ್ಟಿ ಎರಡು ಸಲ ಬಿಚ್ಚಿದೆ. ಯಾಕಕ್ಕ, ದನಿ ಒಂಥರಾ ಇದೆ?"

"ಕಿಟಕಿ ಇಲ್ಲ ಕಣೇ. ಅಡ್ಡ ಗೋಡೆ ಬಂತು. ನಿನ್ನ ಭಾವನೇ ಕಟ್ಟಿದ್ದು. ಬಿಸಿಲೂ ಇಲ್ಲ, ಗಾಳೀನೂ ಇಲ್ಲ. ಮಗು ಕೆಮ್ತಾನೇ ಇದೆ. ಮೊದಲೇ ಹೇಳ್ಬೇಕಿತ್ತು."

"ಅಕ್ಕ, ಡಾಕ್ಟರು ಎಷ್ಟು ದೂರ?"

"ಬೀದಿ ತುದಿ."

"ದಿನಾ ಇರ್ತಾರಾ?"

"ದಿನಾ."

"ಇಲ್ಲಿ ಗುರುವಾರ ಮಾತ್ರ. ಮಿಕ್ಕ ದಿನ ನೋವು ಬಂದ್ರೆ ಎರಡು ಬಸ್ಸು ಬದಲಿಸ್ಬೇಕು. ನಾನೇನು ಕಿಟಕಿ ಹೆರೋಕೆ ಬರ್ತಿದ್ದೀನಾ?"

ಇವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಮಗುವಿನ ಚಾಪೆಯಿಂದ ಗೋಡೆಯವರೆಗೆ ನೆಲವನ್ನು ಗೇಣಿನಲ್ಲಿ ಅಳೆದಳು. ಮೂರು ಗೇಣು, ಎಳೆದರೆ ಮೂರೂವರೆ.

"ಬಾ," ಎಂದಳು. "ಒಂದೇ ಮಗ್ಗುಲಲ್ಲಿ ಮಲಗ್ಬೇಕಾಗುತ್ತೆ. ಹೊರಳೋಕೆ ಜಾಗ ಇಲ್ಲ."