ಸಾಹೇಬರ ಹಸಿರು ಗಾಜು

ನಾನು ಸಿನಿಮಾ ನೋಡಲು ಕಲಿತದ್ದು ಶಿರಸಿಗೆ ಬರುತ್ತಿದ್ದ ಟೆಂಟಿನಲ್ಲಿ, ಅಲ್ಲಿಯ ಆಪರೇಟರ್ ಸಾಹೇಬರಿಂದ. ಆಗ ನಮ್ಮ ಕಡೆ ಬರುತ್ತಿದ್ದ ಚಿತ್ರಗಳೆಲ್ಲ ಕಪ್ಪು ಬಿಳುಪು. ಸಾಹೇಬರಿಗೆ ಅದು ಸೇರುತ್ತಿರಲಿಲ್ಲ. ಮಷೀನಿನ ಪಕ್ಕ ಬಣ್ಣದ ಗಾಜಿನ ತುಂಡುಗಳನ್ನು ಇಟ್ಟುಕೊಂಡು, ಸಮಯ ನೋಡಿ ಬೆಳಕಿಗೆ ಅಡ್ಡ ಹಿಡಿಯುತ್ತಿದ್ದರು. ಸಿಟ್ಟಿಗೆ ಕೆಂಪು, ಬೆಳದಿಂಗಳಿಗೆ ನೀಲಿ. ಕೇಡಿಗ ಬಂದರೆ ಹಸಿರು, ಅವನು ಎಷ್ಟೇ ನಯವಾಗಿ ನಗುತ್ತಿರಲಿ.

"ಯಕ್ಷಗಾನದಲ್ಲಿ ರಾಕ್ಷಸ ಬಣ್ಣ ಬಳ್ಕೊಂಡೇ ಬರ್ತಾನಲ್ಲ? ಇವ್ನ್ಯಾಕೆ ಬೋಳು ಮುಖದಲ್ಲಿ ಬರ್ಬೇಕು? ರಂಗು ನೋಡಿದ್ರೆ ಗುಣ ಗೊತ್ತಾಗ್ಬೇಕು" ಎನ್ನುತ್ತಾ, ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು.

ನಮಗೂ ಅದೇ ರೂಢಿಯಾಯಿತು. ಕೆಂಪು ಗಾಜು ಒಡೆದ ದಿನ ನಾಯಕ ಎಷ್ಟು ಕಿರುಚಿದರೂ ಅವನ ಸಿಟ್ಟನ್ನು ಯಾರೂ ನಂಬಲಿಲ್ಲ. ತೆರೆ ಹಸಿರಾದದ್ದೇ ತಡ, ಪಕ್ಕದ ಹಳ್ಳಿ ಮನ್ಮನೆಯಿಂದ ಬಂದ ಹೆಂಗಸರು "ಕೂಸೇ, ಅವನ ನಂಬಡ!" ಎಂದು ನಾಯಕಿಗೆ ಕೂಗಿ ಹೇಳುತ್ತಿದ್ದರು.

ಟೆಂಟಿನ ಮಾಲೀಕರು ಹುಬ್ಬಳ್ಳಿ ಕಡೆಯವರು. ಅವರಿಗೆ ಇದು ಸರಿಬರಲಿಲ್ಲ.

"ಗುಟ್ಟೆಲ್ಲಾ ಮೊದ್ಲ ಬಿಟ್ಟುಕೊಟ್ರ ಕಡೀತನಕ ಯಾರ್ ಕುಂದರ್ತಾರ್ರೀ? ಇನ್ನ ಗಾಜ್ ಮುಟ್ಟಿದ್ರ ನಿಮಗ ಕೆಲಸಿಲ್ಲ!"

ಸಾಹೇಬರು ತಲೆಯಾಡಿಸಿ, ಗಾಜುಗಳನ್ನು ಒರೆಸಿ ಎತ್ತಿಟ್ಟರು.

ಆ ಸಂಜೆ ಬಣ್ಣವಿಲ್ಲದ ಆಟಕ್ಕೆ ಜನ ಗಲಾಟೆ ಎಬ್ಬಿಸಿದರು. ಸಮಾಧಾನ ಮಾಡಲು ಮಾಲೀಕರೇ ತೆರೆಯ ಮುಂದೆ ಬಂದರು. ಮಷೀನಿನ ಬೆಳಕಿನಲ್ಲಿ ಕೈಮುಗಿದು ನಿಂತು, ಬಲು ನಯವಾಗಿ ನಕ್ಕು, "ಎಲ್ಲಾ ನಿಮ್ಮ ಒಳ್ಳೇದಕ್ಕ ಮಾಡೇನ್ರಿ" ಎಂದರು.

ಅವರ ಬಿಳಿ ಕೋಟು, ಬಿಳಿ ಟೋಪಿ, ಆ ನಗು, ಎಲ್ಲವೂ ಒಮ್ಮೆಲೇ ಹಸಿರಾದವು.