ನಾಲ್ಕು ದಿನ ಅವಳು ಹೇಳುತ್ತಲೇ ಇದ್ದಳು

ಮೊದಲು ಅವಳು ನನ್ನ ಮಣಿಕಟ್ಟು ಕಚ್ಚಿದಳು.

ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಎರಡನೇ ಚಮಚ ಬಾಯಿಗಿಟ್ಟಾಗ ಕುತ್ತಿಗೆ ಚಾಚಿ ಹಲ್ಲು ಊರಿದಳು. ಬಿಡಿಸಿಕೊಳ್ಳುವಷ್ಟರಲ್ಲಿ ರಕ್ತ ಬಂದಿತ್ತು. ಒಂಬತ್ತು ವರ್ಷದಲ್ಲಿ ದಾನಮ್ಮ ಯಾರನ್ನೂ ಕಚ್ಚಿದವಳಲ್ಲ.

ಅವಳು ನನ್ನ ಒಬ್ಬಳೇ ಮಗಳು. ಹುಟ್ಟಿದಾಗ ಅಳಲಿಲ್ಲ. ಸೆರೆಬ್ರಲ್ ಪಾಲ್ಸಿ ಎಂದರು. ಕೈಕಾಲು ಸೆಟೆದೇ ಇರುತ್ತವೆ, ಮಾತಿಲ್ಲ. ಆದರೆ ಎಲ್ಲ ತಿಳಿಯುತ್ತದೆ. ಹೌದು ಎನ್ನಲು ಕಣ್ಣು ಮೇಲೆತ್ತುತ್ತಾಳೆ, ಬೇಡವಾದರೆ ಮುಖ ತಿರುಗಿಸುತ್ತಾಳೆ. ಬನಹಟ್ಟಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಗಂಡನ ಎರಡು ಪವರ್‌ಲೂಮ್ ಓಡುತ್ತವೆ. ಹಿಂದಿನ ಕೋಣೆಯಲ್ಲಿ ನಾನು ನೂಲು ಸುತ್ತುತ್ತೇನೆ, ಪಕ್ಕದಲ್ಲಿ ಅವಳ ಕುರ್ಚಿ.

ಆ ದಿನದಿಂದ ಅವಳು ಬೇರೆಯೇ ಆದಳು. ಕುರ್ಚಿಯ ಬೆನ್ನಿಗೆ ತಲೆ ಚಚ್ಚಿಕೊಂಡಳು. ತನ್ನ ಮುಂಗೈಯನ್ನೇ ಕಚ್ಚಿಕೊಂಡಳು. ತಟ್ಟೆ ಒದ್ದಳು. ಕಾಲು ಎಷ್ಟು ಸೆಟೆದವೆಂದರೆ ಬಟ್ಟೆ ಬದಲಿಸಲು ಇಬ್ಬರು ಬೇಕಾಯಿತು. ಮಗ್ಗದ ಸದ್ದನ್ನೂ ಮೀರಿ ಅವಳ ಚೀರಾಟ ಓಣಿಗೆ ಕೇಳುತ್ತಿತ್ತು. ಮೈ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ಅಷ್ಟಕ್ಕೇ ಸುಮ್ಮನಾದೆ.

"ಹಟ ಕಲ್ತಾಳ," ಎಂದರು ಅತ್ತೆ. "ಎರಡ ಬಿಗದರ ನೆಟ್ಟಗ ಆಕ್ಕಾಳ."

ಮೂರನೆಯ ದಿನ ಗಂಡ ಬಟ್ಟೆಯ ಪಟ್ಟಿಯಿಂದ ಅವಳ ಕೈಗಳನ್ನು ಕುರ್ಚಿಯ ತೋಳಿಗೆ ಕಟ್ಟಿದರು. ಕಚ್ಚಿಕೊಳ್ಳಬಾರದೆಂದು. ನಾನು ತಡೆಯಲಿಲ್ಲ. ಗಂಟು ಬಿಗಿಯಾಗಲೆಂದು ಬೆರಳಿಟ್ಟು ಹಿಡಿದವಳೂ ನಾನೇ.

ನಾಲ್ಕನೆಯ ದಿನ ಮಧ್ಯಾಹ್ನ ಉಣಿಸಲೆಂದು ಕೈ ಬಿಚ್ಚಿದೆ. ಬಿಸಿ ಸಾರಿನ ಬಟ್ಟಲು ಹಾರಿ ನನ್ನ ಮುಖಕ್ಕೆ ಬಡಿಯಿತು.

ನಾನು ಹೊಡೆದೆ.

ಎಡಗೆನ್ನೆಗೆ, ನನ್ನ ಅಂಗೈ ಉರಿಯುವಂತೆ. ಅವಳು ಚೀರಿದಳು. ಅಲ್ಲಿಗೇ ಮತ್ತೊಮ್ಮೆ ಹೊಡೆದೆ. ಆ ಎರಡನೆಯ ಏಟಿಗೆ ನನ್ನಲ್ಲಿ ಯಾವ ಸಬೂಬೂ ಇಲ್ಲ.

ಚೀರಾಟ ನಿಂತಿತು. ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡವು. ಮೈಯೆಲ್ಲ ಹಿಂದಕ್ಕೆ ಬಾಗಿ ಕುರ್ಚಿಸಮೇತ ಉರುಳಿದಳು. ಬಾಯಿಂದ ನೊರೆ, ನೊರೆಯೊಳಗೆ ರಕ್ತ, ಕೀವಿನ ವಾಸನೆ.

ಕೊಂದುಬಿಟ್ಟೆ ಅಂದುಕೊಂಡೆ.

ಆಟೋದಲ್ಲಿ ಜಮಖಂಡಿಯ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅಪ್ಪನ ತೊಡೆಯ ಮೇಲೆ ಜಗ್ಗಾಡಿದಳು. ಒಮ್ಮೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಈಗ ಮೈ ಕೆಂಡವಾಗಿತ್ತು. ಆಸ್ಪತ್ರೆಯಲ್ಲಿ ನಾಲ್ವರು ಒತ್ತಿ ಹಿಡಿದರು. ನರ ಸಿಗಲಿಲ್ಲ. ಎರಡೂ ಕೈಗೆ ಚುಚ್ಚಿದರು, ಆಮೇಲೆ ಪಾದಕ್ಕೆ. ಫಿಟ್ಸ್ ನಿಂತ ಮೇಲೆ ಮಕ್ಕಳ ಡಾಕ್ಟರ್, ನಡುವಯಸ್ಸಿನ ಹೆಂಗಸು, ಅವಳ ಮುಖವನ್ನು ಬೆಳಕಿಗೆ ತಿರುಗಿಸಿದರು.

"ಕೆನ್ನಿ ಮ್ಯಾಲೆ ಇದೇನ್ರಿ, ಬೆರಳ ಮೂಡ್ಯಾವು?"

"ಕುರ್ಚಿಯಿಂದ ಬಿದ್ಲ್ರಿ," ಎಂದರು ಗಂಡ.

"ಇಲ್ರಿ," ಎಂದೆ. "ನಾ ಹೊಡದೇನ್ರಿ."

ಡಾಕ್ಟರ್ ನನ್ನನ್ನು ನೋಡಿದರು. ಬಾಯಿ ತೆರೆಸಿ ಟಾರ್ಚ್ ಹಾಕಿದರು. ಎಡಗಡೆಯ ದವಡೆ ಹಲ್ಲು ಹುಳುಕಾಗಿ, ಬುಡದಲ್ಲಿ ಕೀವು ಕಟ್ಟಿ ಒಡೆದಿತ್ತು. ನಾನು ಹೊಡೆದ ಕೆನ್ನೆಯ ಒಳಗೇ.

"ಎಷ್ಟ ದಿನಾತು ಹಿಂಗ ಮಾಡಾಕತ್ತು?"

"ನಾಕ ದಿನರಿ. ಹಟಾ ಮಾಡತಾಳ ಅಂತ..."

"ಹಟಾ ಅಲ್ರೀ. ನಿಮಗ ಹೇಳಾಕತ್ತಿದ್ಲು."

ರಕ್ತದ ರಿಪೋರ್ಟಿನಲ್ಲಿ, ಮೈಯೊಳಗಿನ ಉರಿಯೂತವನ್ನು ತೋರಿಸುವ ಸಿಆರ್‌ಪಿ ವಿಪರೀತ ಏರಿತ್ತು. ಸೋಂಕು ರಕ್ತಕ್ಕೂ ಹಬ್ಬಿದೆ ಎಂದು ಐಸಿಯುಗೆ ಹಾಕಿದರು. ಒಂದು ಹಲ್ಲಿನಿಂದ ಇಷ್ಟೆಲ್ಲ ಆಗುತ್ತದೆಯೇ ಎಂದು ಕೇಳಿದೆ.

"ರೋಗದ ಜೋಡಿ ಹೊಡದಾಡೂ ಶಕ್ತಿ ಎಲ್ಲರ ಮೈಯಾಗೂ ಇರತೈತ್ರಿ," ಎಂದರು ಡಾಕ್ಟರ್. "ಅದು ಹೊಡದಾಡುವಾಗ ಬಾವು, ಉರಿ ಬರತೈತಿ. ಇಂಥಾ ಕೆಲವು ಮಕ್ಕಳೊಳಗ ಅದು ಹದ್ದು ಮೀರತೈತಿ, ಲಗೂನ ತಣ್ಣಗಾಗಂಗಿಲ್ಲ ಅಂತ ಕಂಡುಬಂದೈತಿ. ಈಕಿಗೆ ಹಂಗ ಆಗೇತಿ ಅಂತ ನಾ ಖಚಿತ ಹೇಳಾಕ ಬರಂಗಿಲ್ಲ. ಆದ್ರ ಯಾವ ಸೋಂಕನ್ನೂ ಸಣ್ಣದು ಅಂತ ಬಿಡಬ್ಯಾಡ್ರಿ."

ಅವಳನ್ನು ಕಾಯಬೇಕಾದ ಶಕ್ತಿಯೇ ಒಳಗಿನಿಂದ ಅವಳನ್ನು ಬಡಿಯುತ್ತಿತ್ತು. ಹೊರಗಿನಿಂದ ಬಡಿದವಳು ನಾನು.

ಮರುದಿನ ಕಣ್ಣು ಬಿಟ್ಟಾಗ ಡಾಕ್ಟರ್ ಅವಳನ್ನೇ ಕೇಳಿದರು, "ಹಲ್ಲ ನೂಯಾಕತ್ತೈತೇನವಾ?" ದಾನಮ್ಮ ಕಣ್ಣು ಮೇಲೆತ್ತಿದಳು. ಅಷ್ಟು ಸುಲಭವಿತ್ತು. ನಾಲ್ಕು ದಿನ ನಾನು ಆ ಒಂದು ಪ್ರಶ್ನೆ ಕೇಳಿರಲಿಲ್ಲ.

ಹಲ್ಲು ಕಿತ್ತರು, ಕೀವು ತೆಗೆದರು. ಐದು ದಿನ ಅವಳು ಒದ್ದೆ ಬಟ್ಟೆಯಂತೆ ಬಿದ್ದಿದ್ದಳು. ಸೆಟೆತವಿಲ್ಲ, ಸದ್ದಿಲ್ಲ. ಅವಳ ಅಪ್ಪ ಕಟ್ಟಿನ ಗುರುತು ಉಳಿದ ಅವಳ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು.

ಆರನೆಯ ದಿನ ವಾರ್ಡಿನಲ್ಲಿ ಮುಖ ಒರೆಸಲು ಬಗ್ಗಿದೆ. ಅವಳು ಮುದುಡಿದಳು. ಆಮೇಲೆ ಬಲಗೈ ಬೀಸಿ ನನ್ನ ಬಾಯಿಗೆ ಹೊಡೆದಳು. ತುಟಿ ಒಡೆಯಿತು. ಇನ್ನೊಮ್ಮೆ ಹೊಡೆದಳು. ಅದು ನೋವಿನ ಒದ್ದಾಟವಾಗಿರಲಿಲ್ಲ. ನನ್ನ ಕಣ್ಣನ್ನೇ ನೋಡುತ್ತ ಹೊಡೆದಳು. ನರ್ಸ್ ಓಡಿಬಂದು ಅವಳ ಕೈ ಹಿಡಿಯಲು ಹೋದರು.

"ಬ್ಯಾಡ್ರಿ, ಬಿಡ್ರಿ," ಎಂದೆ. "ನನಗ ಹೊಡ್ಯಾಕತ್ತಾಳ. ಹೊಡೀಲಿ."

ಮನೆಗೆ ಬಂದು ಎರಡು ತಿಂಗಳಾಯಿತು. ಹೋದ ವಾರ ಕಿವಿ ಸೋರಿ ಜ್ವರ ಬಂತು. ಚೀರಾಟ ಶುರುವಾದ ಒಂದು ಗಂಟೆಯೊಳಗೆ ಜಮಖಂಡಿಯಲ್ಲಿದ್ದೆವು. ಎಲ್ಲರಿಗಿಂತ ಮೊದಲು ಆಟೋ ಹತ್ತಿದವರು ಅತ್ತೆ. ಈ ಸಲ ಐಸಿಯು ಬೇಕಾಗಲಿಲ್ಲ. ಕಿವಿಗೆ ಔಷಧಿ ಹಾಕಲು ನಾನು ಕೈ ಎತ್ತಿದರೆ ಅವಳು ಈಗಲೂ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಾಳೆ. ಕೈ ಕೆಳಗಿಟ್ಟು ಕಾಯುತ್ತೇನೆ. ಹೊತ್ತು ಹಿಡಿಯುತ್ತದೆ, ಆದರೆ ತೆರೆಯುತ್ತಾಳೆ. ಸದ್ಯಕ್ಕೆ ನನಗೆ ಇಷ್ಟು ಸಿಕ್ಕಿದೆ.